ಲವೀನ್‌ನಲ್ಲಿ ಮನೆ, ಚಾಂಡ್ಲರ್‌ನಲ್ಲಿ ಕೆಲಸ: ಸೌತ್ ಮೌಂಟನ್ ಫ್ರೀವೇ ನಂಬ್ಕೊಂಡು ಹೋಗಬಹುದಾ?

ಹಾಸನದ_ಸೊಸೆ

ಎಲ್ಲರಿಗೂ ನಮಸ್ಕಾರ. ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಇರುವ ನಮ್ಮವರ ಸಲಹೆ ಬೇಕಿತ್ತು.

ನಾವು ನಾಲ್ಕು ವರ್ಷದಿಂದ ಚಾಂಡ್ಲರ್‌ನಲ್ಲಿ ಬಾಡಿಗೆಗಿದ್ದೇವೆ. ಯಜಮಾನರ ಕೆಲಸ ಇಲ್ಲೇ, ಚಿಪ್ ಕಾರ್ಖಾನೆಯಲ್ಲಿ. ನಾನು ಮನೆಯಿಂದ ಕೆಲಸ ಮಾಡುತ್ತೇನೆ, ಮಗಳಿಗೆ ಆರು ವರ್ಷ. ಚಾಂಡ್ಲರ್‌ನಲ್ಲಿ ಮನೆ ನೋಡಿ ನೋಡಿ ಸಾಕಾಯಿತು, ಬೆಲೆ ಕೈಗೆ ಎಟುಕುತ್ತಿಲ್ಲ. ಹೋದ ತಿಂಗಳು ಲವೀನ್ ಕಡೆ ಒಂದು ಹೊಸ ಬಡಾವಣೆ ನೋಡಿದೆವು. ಹಿಂದುಗಡೆ ಇನ್ನೂ ಕುದುರೆ ಮಸಾಲೆ ಮೇವಿನ ಹೊಲ, ಅದರಾಚೆ ಬೆಟ್ಟ. ಮನೆ ಎಲ್ಲರಿಗೂ ಹಿಡಿಸಿದೆ. ಊರಿಂದ ಬಂದಿರುವ ನಮ್ಮತ್ತೆಯವರಂತೂ ಅಡುಗೆಮನೆ ಕಿಟಕಿಯಿಂದ ಬೆಟ್ಟ ಕಾಣುತ್ತದೆ ಅಂತ ಆಗಲೇ ದೇವರ ಮನೆ ಎಲ್ಲಿ ಬರಬೇಕು ಅಂತ ನಿರ್ಧರಿಸಿಬಿಟ್ಟಿದ್ದಾರೆ.

ಮಾರುವವರು ಹೇಳೋದು, "202, ಅಂದರೆ ಸೌತ್ ಮೌಂಟನ್ ಫ್ರೀವೇ, ಹತ್ತಿದರೆ ಚಾಂಡ್ಲರ್ ಅರ್ಧ ಗಂಟೆ." ನಾವು ಭಾನುವಾರ ಮಧ್ಯಾಹ್ನ ಓಡಿಸಿ ನೋಡಿದೆವು, ಅರ್ಧ ಗಂಟೆಯೇ ಆಯಿತು. ಆದರೆ ಇವರು ವಾರಕ್ಕೆ ಐದು ದಿನ ಹೋಗಬೇಕು. ಕೆಲಸದ ದಿನ ಹೇಗಿರುತ್ತೆ? ಫ್ರೀವೇ ಹತ್ತಿರ ಅಂದರೆ ಸದ್ದು, ದೂಳು ತಡೆಯಲಾಗುತ್ತಾ? ಮುಖ್ಯವಾಗಿ, ಇನ್ನು ಹತ್ತು ವರ್ಷಕ್ಕೆ ಈ ಅರ್ಧ ಗಂಟೆ ಅರ್ಧ ಗಂಟೆಯಾಗೇ ಉಳಿಯುತ್ತಾ? ಮೂವತ್ತು ವರ್ಷದ ಸಾಲ ಮಾಡುವವರು ನಾವು, ಅದಕ್ಕೇ ಹೆದರಿಕೆ.

ಕಡಲೂರ_ಕಾರು

ಅಕ್ಕ, ನಾನು 2020ರಿಂದ ಅದೇ ದಾರಿಯಲ್ಲಿ ಹೋಗಿ ಬಂದು ಮಾಡ್ತಾ ಇದ್ದೇನೆ. ಲವೀನ್‌ನಿಂದ ಚಾಂಡ್ಲರ್. ಹಾಗಾಗಿ ಸರೀ ಹೇಳ್ತೇನೆ.

ಮೊದಲು ಎರಡು ದಾರಿ ಇತ್ತು. ಬೇಸ್‌ಲೈನ್ ರೋಡ್ ಹಿಡಿದು ಸಿಗ್ನಲ್ ಮೇಲೆ ಸಿಗ್ನಲ್ ನಿಲ್ಲುತ್ತಾ ಹೋಗುವುದು, ಇಲ್ಲದಿದ್ದರೆ ಐ-10 ಹೆದ್ದಾರಿ ಹತ್ತಿ ಡೌನ್‌ಟೌನ್ ದಾಟಿ ಬ್ರಾಡ್‌ವೇ ಕರ್ವ್ ಅನ್ನುವ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಎರಡರಲ್ಲೂ ಒಂದು ಗಂಟೆ ಗ್ಯಾರಂಟಿ, ಒಂದು ಆಕ್ಸಿಡೆಂಟ್ ಆದರೆ ಒಂದೂವರೆ. 2019ರ ಡಿಸೆಂಬರ್ 21ಕ್ಕೆ ಈ ಫ್ರೀವೇ ತೆರೆಯಿತು. 22 ಮೈಲಿ, ಅಂದರೆ 35 ಕಿಲೋಮೀಟರು, ಪಶ್ಚಿಮದ ಐ-10ರಿಂದ ಹೊರಟು ಬೆಟ್ಟದ ಬುಡ ಸುತ್ತಿಕೊಂಡು ಚಾಂಡ್ಲರ್ ಹತ್ತಿರ ಮತ್ತೆ ಐ-10ಕ್ಕೆ ಸೇರ್ತದೆ. ಒಂದೊಂದು ಬದಿಗೂ ಮೂರು ಲೇನ್, ಜೊತೆಗೆ ಒಂದು ಕಾರ್‌ಪೂಲ್ ಲೇನ್. ಟೋಲ್ ಇಲ್ಲ. ನನಗೆ ದಿನಕ್ಕೆ ಒಂದು ಗಂಟೆ ವಾಪಸ್ ಸಿಕ್ಕಿತು. ಆ ಒಂದು ಗಂಟೆಯಲ್ಲಿ ನನ್ನ ಮಗ ಈಜು ಕಲಿತ. ನನಗೆ ಆ ರಸ್ತೆಯ ಮೇಲೆ ಪ್ರೀತಿ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಮಾರುವವರು ಹೇಳದೆ ಇರುವ ಒಂದು ವಿಷಯ ಹೇಳ್ತೇನೆ, ಕೇಳಿ. ಲವೀನ್ ಪಶ್ಚಿಮಕ್ಕೆ, ಚಾಂಡ್ಲರ್ ಪೂರ್ವಕ್ಕೆ. ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಬರುವಾಗಲೂ ಎದುರಿಗೆ. ದಾರಿಯಲ್ಲಿ ಸಿಗುವ ಅಹ್ವಾಟುಕಿ ಬಡಾವಣೆ ಪಕ್ಕದ ನೇರ ರಸ್ತೆಯಲ್ಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ಸೂರ್ಯ ಸರಿಯಾಗಿ ರಸ್ತೆಯ ತುದಿಯಲ್ಲಿ ಕೂತಿರ್ತದೆ. ಕಾರಿನ ಸನ್ ವೈಸರ್ ಕೆಳಗೆ ಎಳೆದರೂ ಅದರ ಅಡಿಯಿಂದ ಬರ್ತದೆ. ಮುಂದಿನ ಗಾಡಿಯ ಬ್ರೇಕ್ ಲೈಟ್ ಹತ್ತಿತೋ ಇಲ್ಲವೋ ಗೊತ್ತಾಗುವುದಿಲ್ಲ. ಎಲ್ಲರೂ ಒಟ್ಟಿಗೆ ನಿಧಾನ ಮಾಡ್ತಾರೆ, ಅಲ್ಲಿಗೆ ಹತ್ತು ನಿಮಿಷ ಹೋಯಿತು. ನಾನು ವಾರಕ್ಕೊಮ್ಮೆ ಗಾಜಿನ ಒಳಮೈ ಒರೆಸ್ತೇನೆ. ಒಳಗಡೆಯ ಮಬ್ಬಿಗೆ ಸೂರ್ಯ ಬಿದ್ದರೆ ಇಡೀ ಗಾಜು ಬೆಳ್ಳಗೆ.

ಈಗ ನನಗೆ ಕೆಲಸದ ದಿನ 40 ನಿಮಿಷದ ಹತ್ತಿರ ಆಗ್ತದೆ. 2020ರಲ್ಲಿ 28 ಆಗುತ್ತಿತ್ತು. ಆಗ ಕೋವಿಡ್, ರಸ್ತೆ ಖಾಲಿ, ಅದೂ ಲೆಕ್ಕಕ್ಕೆ ಇರಲಿ.

ಧಾರವಾಡ_ಪೇಢಾ

ತಂಗೀ, ಸದ್ದಿನ ಬಗ್ಗೆ ಕೇಳೀರಲ್ಲ, ಅದಕ್ಕ ನಾ ಹೇಳತೇನಿ. ನಾವು 2003ರಿಂದ ಅಹ್ವಾಟುಕಿಯೊಳಗ ಅದೀವಿ. ಈ ಬಡಾವಣಿಗೆ ಉತ್ತರಕ್ಕ ಸೌತ್ ಮೌಂಟನ್, ದಕ್ಷಿಣಕ್ಕ ಹಿಲಾ ರಿವರ್ ಮೂಲನಿವಾಸಿಗಳ ಜಮೀನು, ಹೊರಗ ಹೋಗಾಕ ಪೂರ್ವದ ಕಡೆ ಅಷ್ಟ ದಾರಿ. ಜಗತ್ತಿನ ಅತಿ ದೊಡ್ಡ ಕುರುಡು ಓಣಿ ಅಂತನ ಇದಕ್ಕ ಹೆಸರಿತ್ತು. ಆ ಶಾಂತಿಗೇ ನಾವು ಇಲ್ಲಿಗೆ ಬಂದಿದ್ದು.

ದಕ್ಷಿಣದ ಅಂಚಿಗೆ ಪೇಕೋಸ್ ರೋಡ್ ಅಂತ ಇತ್ತು. ಅದರಾಚೆ ಬಯಲು, ಅದರಾಚೆ ಎಸ್ಟ್ರೆಲ್ಲಾ ಗುಡ್ಡ. ಶನಿವಾರ ಬೆಳಿಗ್ಗೆ ಐದಕ್ಕ ಎದ್ದು ನಾವು ನಾಕು ಮಂದಿ ಗೆಳೆಯರು ಸೈಕಲ್ ತಗೊಂಡು ಅಲ್ಲಿ ಹೋಗತಿದ್ವಿ. ಕ್ರಿಯೋಸೋಟ್ ಗಿಡದ ವಾಸನಿ ಗೊತ್ತಲ್ಲ ನಿಮಗ? ಮಳಿ ಬಂದ ಮರುದಿನ ಆ ರಸ್ತೆ ತುಂಬ ಅದ ವಾಸನಿ. ಕೊಯೋಟಿ ರಸ್ತೆ ದಾಟೋದನ್ನ ಎಷ್ಟು ಸಲ ನೋಡೇವಿ. ಆ ರಸ್ತೆನ ಅಗಲ ಮಾಡಿ ಅದರ ಮ್ಯಾಲ ಈ ಫ್ರೀವೇ ಹಾಸ್ಯಾರ. ಪಶ್ಚಿಮದ ತುದಿಗೆ ಗುಡ್ಡದ ಮೂರು ಏಣು ಕಡದು ದಾರಿ ಮಾಡಿದರು. ಸಿಡಿಮದ್ದು ಇಟ್ಟ ದಿನ ನಮ್ಮ ಮನಿಯ ಕಿಟಕಿ ಗಾಜು ಗುಂಯ್ ಅಂದಿತ್ತು.

ಈಗ ಸದ್ದು ಹೆಂಗದ? ಗ್ವಾಡಿ ಕಟ್ಟ್ಯಾರ, ಗ್ವಾಡಿ ಪಕ್ಕದ ಮನಿಗೆ ಅಷ್ಟು ಕೇಳಂಗಿಲ್ಲ. ನಮ್ಮಂಗ ಸ್ವಲ್ಪ ಎತ್ತರದಾಗ ಇರೋರಿಗೆ ಗ್ವಾಡಿ ಮ್ಯಾಲಿಂದ ಹಾದು ಬರತದ. ರಾತ್ರಿ ಎರಡಕ್ಕ ಲಾರಿ ಹೋದದ್ದು ಹಾಸಿಗಿಯೊಳಗ ಕೇಳತದ. ನಿಮ್ಮ ಮನಿ ಫ್ರೀವೇಕ್ಕಿಂತ ಮ್ಯಾಲ ಐತೋ ಕೆಳಗ ಐತೋ ನೋಡ್ರಿ, ಎಷ್ಟು ದೂರ ಅನ್ನೋದಕ್ಕಿಂತ ಅದು ಮುಖ್ಯ. ಭಾನುವಾರ ಮಧ್ಯಾಹ್ನ ಅಲ್ಲ, ರಾತ್ರಿ ಹನ್ನೊಂದಕ್ಕ ಹೋಗಿ ಹಿತ್ತಲದಾಗ ನಿಂತು ಕೇಳ್ರಿ.

ಕಡಲೂರ_ಕಾರು

ಧಾರವಾಡದ ಸರ್, ನಿಮ್ಮ ನೋವು ಅರ್ಥ ಆಗ್ತದೆ. ಆದರೆ ಅಹ್ವಾಟುಕಿಯವರ ಶಾಂತಿಗೋಸ್ಕರ ಲವೀನ್‌ನವರು, ಪಶ್ಚಿಮ ಫೀನಿಕ್ಸ್‌ನವರು ದಿನಾ ಎರಡು ಗಂಟೆ ಕಾರಿನಲ್ಲಿ ಕಳೆಯಬೇಕಿತ್ತಾ? ನಮ್ಮ ಕಡೆ ಒಂದು ಒಳ್ಳೆ ಅಂಗಡಿ ಇರಲಿಲ್ಲ. ಫ್ರೀವೇ ಬಂದ ಮೇಲೆ ಎಲ್ಲ ಬಂತು. ರಸ್ತೆ ಬರುವುದು ಮೊದಲೇ ನಕ್ಷೆಯಲ್ಲಿತ್ತಲ್ಲ?

ಧಾರವಾಡ_ಪೇಢಾ

ಇತ್ತು, ಇಲ್ಲ ಅನ್ನಂಗಿಲ್ಲ. ನಕ್ಷೆಯೊಳಗಿನ ಗೆರೆಗೆ ನಾ ಮನಿ ತಗೊಳ್ಳುವಾಗ ಕಣ್ಣು ಮುಚ್ಚಿದ್ದೂ ಖರೆ. ಆದರ ಇಪ್ಪತ್ತು ವರ್ಷ ಬರೇ ಗೆರೆಯಾಗಿ ಉಳಿದದ್ದನ್ನ ಯಾರಾದರೂ ರಸ್ತೆ ಅಂತ ನಂಬತಾರೇನು? ನಿಮ್ಮ ಮಗ ಈಜು ಕಲತದ್ದು ಓದಿ ನನಗೂ ಸಂತೋಷ ಆತು. ಎರಡೂ ಖರೆ ಇರಬಹುದು.

ಹಳೇ_ಫೀನಿಕ್ಸ್

ಆ ನಕ್ಷೆಯ ಕಥೆ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಇಲ್ಲಿಗೆ ಓದಲು ಬಂದದ್ದು 1983ರಲ್ಲಿ. ಆಗ ಪೂರ್ವದ ಟೆಂಪಿಯಿಂದ ಪಶ್ಚಿಮದ ಗ್ಲೆಂಡೇಲ್‌ಗೆ ಹೋಗುವುದೆಂದರೆ ಒಂದು ಪ್ರಯಾಣ. ಇಷ್ಟು ದೊಡ್ಡ ಊರಿಗೆ ಫ್ರೀವೇ ಅಂತ ಇದ್ದದ್ದೇ ಸ್ವಲ್ಪ. ಯಾಕೆ ಅಂತ ನನ್ನ ಮನೆ ಮಾಲೀಕರನ್ನು ಕೇಳಿದ್ದೆ. ಅವರು 1973ರ ಮತದಾನದ ಬಗ್ಗೆ ಹೇಳಿದರು.

ಐ-10 ಅನ್ನು ಊರಿನ ನಡುವೆ ನೂರು ಅಡಿ ಎತ್ತರದಲ್ಲಿ ಕಂಬಗಳ ಮೇಲೆ ಒಯ್ಯುವ ಯೋಜನೆ ಇತ್ತಂತೆ. ಅಷ್ಟು ಎತ್ತರದಿಂದ ಕೆಳಗಿಳಿಯಲು ಸ್ಪ್ರಿಂಗಿನಂತೆ ಸುತ್ತು ಸುತ್ತಾದ ರ‍್ಯಾಂಪುಗಳು. ಊರಿನ ದೊಡ್ಡ ಪತ್ರಿಕೆ ಅದರ ವಿರುದ್ಧ ನಿಂತಿತು, ಜನ ಮತ ಹಾಕಿ ಬೇಡ ಅಂದರು. ಲಾಸ್ ಏಂಜಲೀಸ್ ಆಗುವುದು ಬೇಡ ಅನ್ನುವುದು ಆಗ ಇಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಫ್ರೀವೇ ನಿಂತಿತು, ಊರು ಬೆಳೆಯುವುದು ನಿಲ್ಲಲಿಲ್ಲ. ಬೆಳೆದ ಊರು ಚೌಕ ಚೌಕವಾದ ರಸ್ತೆಗಳ ಮೇಲೆ, ಮೈಲಿಗೊಂದು ಸಿಗ್ನಲಿನ ಎದುರು ನಿಂತಿತು. ಕೊನೆಗೆ ಐ-10 ಅನ್ನು ನೆಲದ ಕೆಳಗೆ ಒಯ್ದು ಮೇಲೆ ಉದ್ಯಾನ ಮಾಡಿದರು. ಆ ಸುರಂಗ 1990ರ ಆಗಸ್ಟ್‌ನಲ್ಲಿ ತೆರೆದಾಗ ಫ್ಲಾರಿಡಾದ ಜಾಕ್ಸನ್‌ವಿಲ್‌ನಿಂದ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾವರೆಗಿನ ಐ-10ರ ಕೊನೆಯ ಕೊಂಡಿ ಬೆಸೆದುಕೊಂಡಿತು. ಇವತ್ತು ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ಹುಲ್ಲಿನ ಮೇಲೆ ನಡೆಯುವಾಗ ಕೆಳಗೆ ಲಾರಿಗಳು ಓಡುತ್ತಿರುತ್ತವೆ.

1985ರ ಅಕ್ಟೋಬರ್‌ನಲ್ಲಿ ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯ ಜನ ಒಂದು ಡಾಲರ್ ಖರೀದಿಗೆ ಅರ್ಧ ಸೆಂಟ್ ತೆರಿಗೆ ತಾವೇ ಹಾಕಿಕೊಂಡರು. 101, 202, 303 ಫ್ರೀವೇಗಳೆಲ್ಲಾ ಆ ಅರ್ಧ ಸೆಂಟಿನಿಂದ ಹುಟ್ಟಿದವು. ಸೌತ್ ಮೌಂಟನ್ ಗೆರೆಯೂ ಆಗಲೇ ಎಳೆದದ್ದು. 2004ರಲ್ಲಿ ಜನ ಆ ತೆರಿಗೆಯನ್ನು ಇನ್ನೂ 20 ವರ್ಷಕ್ಕೆ ಒಪ್ಪಿದರು, 2024ರ ನವೆಂಬರ್‌ನಲ್ಲಿ ಮತ್ತೆ ಒಪ್ಪಿದರು. ಟೋಲ್ ಇಲ್ಲದಿರುವುದು ಪುಕ್ಕಟೆ ಅಂತಲ್ಲ. ನೀವು ಇಲ್ಲಿ ಬಟ್ಟೆ ಕೊಂಡಾಗಲೆಲ್ಲ ಆ ರಸ್ತೆಗೆ ಕೊಡುತ್ತಾ ಬಂದಿದ್ದೀರಿ, ಕಾರು ಇಲ್ಲದ ಬಡವರೂ ಕೊಟ್ಟಿದ್ದಾರೆ. ಹೊಸ ತೆರಿಗೆಯಲ್ಲಿ ಸುಮಾರು 37% ಬಸ್ಸು, ರೈಲಿಗೆ ಎತ್ತಿಟ್ಟಿದ್ದಾರೆ ಎನ್ನುವುದು ನನಗೆ ಸಮಾಧಾನದ ವಿಷಯ.

ಸೇತುವೆ_ಕೆಲಸ

ನಾನು ಸಿವಿಲ್ ಎಂಜಿನಿಯರ್. ಈ ರಸ್ತೆಯ ಕೆಲಸದಲ್ಲಿ ಇರಲಿಲ್ಲ, ಅದೇ ಕ್ಷೇತ್ರದಲ್ಲಿ ಇದ್ದೇನೆ. ಸದ್ದಿನ ವಿಷಯಕ್ಕೆ ಎರಡು ಮಾತು.

ಫ್ರೀವೇ ಸದ್ದಿನಲ್ಲಿ ದೊಡ್ಡ ಪಾಲು ಎಂಜಿನ್ನಿನದ್ದಲ್ಲ, ಟೈರು ಮತ್ತು ರಸ್ತೆ ಉಜ್ಜುವುದರದ್ದು. ಇದಕ್ಕೆ ಔಷಧಿ ಹುಟ್ಟಿದ್ದು ಈ ಊರಿನಲ್ಲೇ. 1960ರ ದಶಕದಲ್ಲಿ ಫೀನಿಕ್ಸ್ ನಗರಸಭೆಯ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ಹಳೇ ಟೈರಿನ ರಬ್ಬರ್ ಪುಡಿಯನ್ನು ಬಿಸಿ ಡಾಂಬರಿಗೆ ಬೆರೆಸಿ ಬಿರುಕು ಬಿಟ್ಟ ರಸ್ತೆಗೆ ತೇಪೆ ಹಾಕಲು ಹೊರಟರು. ಆಮೇಲೆ ಅದೇ ಮಿಶ್ರಣ ಕಾಂಕ್ರೀಟ್ ಮೇಲೆ ತೆಳ್ಳಗೆ ಹಾಸಿದರೆ ಸದ್ದು ಇಳಿಯುತ್ತದೆ ಅಂತ ಗೊತ್ತಾಯಿತು. 2003ರಿಂದ ಊರಿನ ಫ್ರೀವೇಗಳ ಮೇಲೆಲ್ಲ ಹಾಸಿದರು. ಬರೀ ಕಾಂಕ್ರೀಟಿನಿಂದ ಆ ಕರೀ ಹಾಸಿಗೆ ಮೇಲೆ ಕಾರು ಏರಿದ ಕ್ಷಣ ಒಳಗೆ ಕೂತವರ ದನಿ ತಾನಾಗಿ ತಗ್ಗುತ್ತದೆ, ಗಮನಿಸಿ.

ಆದರೆ ಇಲ್ಲಿನ ಬಿಸಿಲಿಗೆ ಅದು ಹತ್ತು ಹದಿನೈದು ವರ್ಷಕ್ಕೆ ಒಣಗಿ ಉದುರಲು ಶುರು. ಹಾಸುವುದಕ್ಕೂ ವಸಂತ, ಶರತ್ಕಾಲದ ಕೆಲವೇ ವಾರ ಹದವಾದ ಹವೆ ಇರುವುದು. ಹಾಗಾಗಿ ಈಚೆಗೆ ಹಳೇ ಹಾಸು ಕೆರೆದು ತೆಗೆದು, ಕೆಳಗಿನ ಕಾಂಕ್ರೀಟನ್ನೇ ವಜ್ರದ ಅಲಗಿನ ಯಂತ್ರದಿಂದ ಸಣ್ಣ ಸಣ್ಣ ಗೀರು ಬರುವ ಹಾಗೆ ಉಜ್ಜುತ್ತಿದ್ದಾರೆ. ಆ ಗೀರು ಚಲನೆಯ ದಿಕ್ಕಿಗೇ ಇರುವುದರಿಂದ ಸದ್ದು ಕಡಿಮೆ. ರಬ್ಬರಿನಷ್ಟು ಮೆತ್ತಗಿಲ್ಲ, ಬಾಳಿಕೆ ಹೆಚ್ಚು.

ಈ ಫ್ರೀವೇಗೆ ಸುಮಾರು 177 ಕೋಟಿ ಡಾಲರ್ ಆಯಿತು. ನಕ್ಷೆ, ಕಟ್ಟುವುದು, 30 ವರ್ಷದ ನಿರ್ವಹಣೆ ಎಲ್ಲವೂ ಒಂದೇ ಗುತ್ತಿಗೆ. ಅರಿಜೋನಾದಲ್ಲಿ ಹೆದ್ದಾರಿಗೆ ಖಾಸಗಿ ಸಹಭಾಗಿತ್ವ ಅದೇ ಮೊದಲು. ಕಟ್ಟಿದವರೇ ನೋಡಿಕೊಳ್ಳಬೇಕು ಅಂದಾಗ ಕಳಪೆ ಮಾಡುವ ಆಸೆ ಕಡಿಮೆಯಾಗುತ್ತದೆ, ನನಗೆ ಅದರಲ್ಲಿ ನಂಬಿಕೆ ಇದೆ.

ಇನ್ನೊಂದು. ಡೆಸರ್ಟ್ ಫುಟ್‌ಹಿಲ್ಸ್ ಪಾರ್ಕ್‌ವೇ ಮತ್ತು 17ನೇ ಅವೆನ್ಯೂ ಎಗ್ಜಿಟ್‌ಗಳಲ್ಲಿ ಹೊಸಬರು ಗಾಬರಿ ಆಗುತ್ತಾರೆ. ಅಲ್ಲಿ ಎರಡೂ ದಿಕ್ಕಿನ ಗಾಡಿಗಳು ಸಿಗ್ನಲಿನಲ್ಲಿ ಕತ್ತರಿಯಂತೆ ಅಡ್ಡ ಹಾಯ್ದು ಎಡಬದಿಗೆ ಹೋಗುತ್ತವೆ, ಫ್ರೀವೇ ದಾಟಿದ ಮೇಲೆ ಮತ್ತೆ ಬಲಕ್ಕೆ. ಎಡಕ್ಕೆ ತಿರುಗುವವರು ಎದುರು ಗಾಡಿಗೆ ಕಾಯಬೇಕಿಲ್ಲ. ನೂರಿನ್ನೂರು ಅಡಿ ನಮ್ಮೂರಿನ ಹಾಗೆ ಎಡಗಡೆ ಓಡಿಸುತ್ತೀರಿ, ಅಷ್ಟೇ. ಬಾಣದ ಗುರುತು ನೋಡಿಕೊಂಡು ಹೋಗಿ.

ಬೆಂಗ್ಳೂರ್_ವಾಪಸ್

ಒಂಬತ್ತು ವರ್ಷ ಟೆಂಪಿಯಲ್ಲಿದ್ದು ಈಗ ಬೆಂಗಳೂರಿಗೆ ಬಂದಿದ್ದೀನಿ. ಹಳೇ ಫೀನಿಕ್ಸ್ ಸರ್ ಬರೆದ ಗೆರೆಯ ಮಾತು ಓದಿ ನಮ್ಮ ಮಾವನ ನೆನಪಾಯ್ತು. ಊರ ಹೊರಗೆ ಅವರ ಎರಡು ಎಕರೆ ಒಂದು ರಸ್ತೆಯ ನಕ್ಷೆಯೊಳಗೆ ಬಿತ್ತು. ಹದಿನೈದು ವರ್ಷಕ್ಕೂ ಮೇಲಾಯ್ತು, ರಸ್ತೇನೂ ಬರ್ಲಿಲ್ಲ, ದುಡ್ಡೂ ಬರ್ಲಿಲ್ಲ. ಮಾರೋ ಹಾಗಿಲ್ಲ, ಸಾಲ ತೆಗೆಯೋ ಹಾಗಿಲ್ಲ, ಒಂದು ಕೋಣೆ ಕಟ್ಟೋ ಹಾಗಿಲ್ಲ. ಗೆರೆ ಎಳೆದ ದಿನದಿಂದ್ಲೇ ಜನರ ಬದುಕು ಬದಲಾಗುತ್ತೆ, ರಸ್ತೆ ತೆರೆದ ದಿನದಿಂದ ಅಲ್ಲ. ಅಹ್ವಾಟುಕಿಯವರ ಸಂಕಟ ಇಲ್ಲಿ ಕೂತು ನನಗೆ ಅರ್ಥ ಆಗುತ್ತೆ.

ಮರಳ_ಮಲ್ಲಿಗೆ

ಇಷ್ಟು ಹೊತ್ತು ಎಲ್ಲರೂ ಅಹ್ವಾಟುಕಿ, ಲವೀನ್ ಅಂತ ಮಾತಾಡಿದರು. ಆ ಬೆಟ್ಟದ ಹಕ್ಕುದಾರರ ಮಾತು ಬರಲಿಲ್ಲ. ನಾನು ಶಾಲೆಯಲ್ಲಿ ಕಲಿಸುತ್ತೇನೆ, ನನ್ನ ತರಗತಿಯಲ್ಲಿ ಹಿಲಾ ರಿವರ್ ಸಮುದಾಯದ ಮಕ್ಕಳು ಇದ್ದರು, ಹಾಗಾಗಿ ಬರೆಯದೆ ಇರಲಾರೆ.

ಫ್ರೀವೇಯ ದಕ್ಷಿಣಕ್ಕೆ ಕಾಣುವ ಬಯಲು ಖಾಲಿ ಜಾಗ ಅಲ್ಲ. ಅದು ಅಕಿಮೆಲ್ ಓಆದಮ್ ಮತ್ತು ಪೀ ಪೋಶ್ ಜನರ ನೆಲ. ಅಕಿಮೆಲ್ ಓಆದಮ್ ಅಂದರೆ ನದಿಯ ಜನ. ಫೀನಿಕ್ಸ್‌ನ ಕಾಲುವೆಗಳು ಹರಿಯುವುದು ಇವರ ಪೂರ್ವಿಕರಾದ ಹೊಹೊಕಮ್ ಜನ ತೋಡಿದ ಜಾಡಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೇಲ್ಭಾಗದಲ್ಲಿ ನೆಲೆಸಿದವರು ಹಿಲಾ ನದಿಯ ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು, ನದಿಯ ಜನರ ಹೊಲ ಒಣಗಿತು, ಬರಗಾಲ ಬಂತು. ಆ ನೀರಿಗೆ ನ್ಯಾಯ ಸಿಕ್ಕಿದ್ದು 2004ರ ಕಾಯಿದೆಯಲ್ಲಿ, ನೂರು ವರ್ಷಕ್ಕೂ ಮೇಲೆ ಕಾದು.

ನಾವು ಸೌತ್ ಮೌಂಟನ್ ಅನ್ನುವ ಬೆಟ್ಟಕ್ಕೆ ಅವರು ಮುಹಾಡಗ್ ದೋಆಗ್ ಅನ್ನುತ್ತಾರೆ. ಅವರ ಸೃಷ್ಟಿಕಥೆಯ ಹಿರಿಯಣ್ಣನ ನೆಲೆ ಅದು. ಫ್ರೀವೇ ತಮ್ಮ ನೆಲದ ಮೇಲೆ ಹಾದುಹೋಗಲಿ, ಹೊರಗೆ ಹೋಗಲಿ, ಅಥವಾ ಬೇಡವೇ ಬೇಡ, ಈ ಮೂರರಲ್ಲಿ ಯಾವುದು ಅಂತ 2012ರ ಫೆಬ್ರವರಿಯಲ್ಲಿ ಅವರ ಸಮುದಾಯದಲ್ಲಿ ಮತದಾನ ನಡೆಯಿತು. ಹೆಚ್ಚು ಮತ ಬಿದ್ದದ್ದು ಬೇಡವೇ ಬೇಡ ಅನ್ನುವುದಕ್ಕೆ. ಅವರು ಬೇಡ ಅಂದದ್ದಕ್ಕೆ ರಸ್ತೆ ನಿಲ್ಲಲಿಲ್ಲ, ಅವರ ಗಡಿಯ ಅಂಚಿಗೇ ಸರಿದು, ಅವರ ಬೆಟ್ಟವನ್ನೇ ಕಡಿದುಕೊಂಡು ಹೋಯಿತು. ನೆಲ ಕೊಟ್ಟಿದ್ದರೆ ಬೆಟ್ಟ ಉಳಿಯುತ್ತಿತ್ತು, ನೆಲ ಉಳಿಸಿಕೊಂಡದ್ದಕ್ಕೆ ಬೆಟ್ಟ ಹೋಯಿತು. ಇಂಥ ಆಯ್ಕೆಯನ್ನು ಯಾರ ಮುಂದೆಯೂ ಇಡಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಸಮುದಾಯದವರು, ಅಹ್ವಾಟುಕಿಯ ನಿವಾಸಿಗಳು ಇಬ್ಬರೂ ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಮೇಲ್ಮನವಿಯಲ್ಲೂ ಸೋತರು.

ಆ ಬೆಟ್ಟದ ಉದ್ಯಾನ 16,000 ಎಕರೆಗೂ ಮೇಲೆ, ಕಡಿದದ್ದು ಮೂವತ್ತು ಚಿಲ್ಲರೆ ಎಕರೆ ಮಾತ್ರ, ಅಂತ ಸಮಾಧಾನ ಹೇಳುವವರಿದ್ದಾರೆ. ಚಾಮುಂಡಿ ಬೆಟ್ಟದ ಒಂದು ಏಣನ್ನು ಕಡಿದು "ಉಳಿದದ್ದು ಹಾಗೇ ಇದೆಯಲ್ಲ" ಅಂದರೆ ಮೈಸೂರಿನವಳಾದ ನನಗೆ ಹೇಗಾಗುತ್ತಿತ್ತು?

ಸೇತುವೆ_ಕೆಲಸ

ಮೇಡಂ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಕೆಲಸದಲ್ಲಿ ಇದಕ್ಕೆ "ಪರಿಣಾಮ ತಗ್ಗಿಸುವುದು" ಅಂತ ಒಂದು ಅಧ್ಯಾಯ ಇರುತ್ತದೆ. ಪ್ರಾಣಿಗಳು ದಾಟಲು ರಸ್ತೆಯ ಕೆಳಗೆ ದಾರಿ ಬಿಟ್ಟಿದ್ದಾರೆ, ಸಗ್ವಾರೋ ಕಳ್ಳಿಗಳನ್ನು ಬೇರುಸಹಿತ ಎತ್ತಿ ಬೇರೆಡೆ ನೆಟ್ಟಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಏಣು ಕಡಿದ ಮೇಲೆ ಅದನ್ನು ಎತ್ತಿ ಬೇರೆಡೆ ನೆಡಲು ಬರುವುದಿಲ್ಲ.

ಹಾಸನದ_ಸೊಸೆ

ನಾನು ಕೇಳಿದ್ದು ಮನೆ ವಿಷಯ, ಸಿಕ್ಕಿದ್ದು ಊರಿನ ಕಥೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲ್ಲಿಗೆ ಅಕ್ಕ, ನಿಮ್ಮ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಮತ್ತೆ ಮತ್ತೆ ಕೇಳಿದರು, "ಅವರು ಬೇಡ ಅಂದ್ರೂ ಮಾಡಿದ್ರಾ?"

ದೂಳಿನ ಬಗ್ಗೆ ಯಾರಾದರೂ ಹೇಳ್ತೀರಾ? ಮಗಳಿಗೆ ಸ್ವಲ್ಪ ಉಬ್ಬಸ ಇದೆ.

ಕಡಲೂರ_ಕಾರು

ಉಬ್ಬಸದ ಮಗು ಅಂದರೆ ಫ್ರೀವೇಯಿಂದ ಆದಷ್ಟು ದೂರದ ಮನೆಯೇ ಆಗಬೇಕು ಅಕ್ಕ, ಅದರಲ್ಲಿ ರಾಜಿ ಬೇಡ. ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿ.

ಹಬೂಬ್, ಅಂದರೆ ಇಲ್ಲಿನ ದೂಳಿನ ಬಿರುಗಾಳಿ, ಅದರ ಬಗ್ಗೆ ನಾನು ಕಂಡದ್ದು ಹೇಳ್ತೇನೆ. ಎರಡು ವರ್ಷದ ಹಿಂದೆ ಜುಲೈ ಕೊನೆಗೆ ಸಂಜೆ ಆರಕ್ಕೆ ಮನೆಗೆ ಬರ್ತಾ ಇದ್ದೆ. 17ನೇ ಅವೆನ್ಯೂ ದಾಟಿದೆ. ಅಲ್ಲಿಂದ ವೀ ಕೀವಾ ವೇ ಬರುವವರೆಗೆ ಎಗ್ಜಿಟ್ ಇಲ್ಲ, ಬರೀ ಗುಡ್ಡ ಮತ್ತು ಬಯಲು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಂದು ಗೋಡೆ, ಬೆಟ್ಟದಷ್ಟು ಎತ್ತರ. ಎರಡೇ ನಿಮಿಷದಲ್ಲಿ ಬಾನೆಟ್ ಕಾಣದಾಯಿತು. ಗಾಜಿಗೆ ಮರಳು ಬಡಿಯುವ ಸದ್ದು ಅಕ್ಕಿ ಮೊರದಲ್ಲಿ ಕೇರಿದ ಹಾಗೆ.

ಆಗ ಮಾಡಬೇಕಾದ್ದು ಇಷ್ಟು, ಯಜಮಾನರಿಗೆ ಬಾಯಿಪಾಠ ಮಾಡಿಸಿ. ರಸ್ತೆಯಿಂದ ಪೂರ್ತಿ ಆಚೆಗೆ, ಅಂಚಿನ ಪಟ್ಟಿಯಿಂದಲೂ ಆದಷ್ಟು ದೂರ ನಿಲ್ಲಿಸುವುದು. ಎಲ್ಲ ಲೈಟ್ ಆರಿಸುವುದು, ಹಜಾರ್ಡ್ ಲೈಟ್ ಕೂಡ. ಪಾರ್ಕಿಂಗ್ ಬ್ರೇಕ್ ಹಾಕಿ ಕಾಲನ್ನು ಬ್ರೇಕ್ ಪೆಡಲಿನಿಂದ ತೆಗೆಯುವುದು. ನಮ್ಮ ಬುದ್ಧಿ ಲೈಟ್ ಹಾಕು ಅನ್ನುತ್ತದೆ. ಆದರೆ ಹಿಂದಿನವನು ನಿಮ್ಮ ಕೆಂಪು ದೀಪ ನೋಡಿ ಅದೇ ರಸ್ತೆ ಅಂತ ಸೀದಾ ಬಂದು ಗುದ್ದುತ್ತಾನೆ. ಬೆಲ್ಟ್ ಬಿಚ್ಚದೆ ಕೂತಿರುವುದು. ನಾನು ಇಪ್ಪತ್ತು ನಿಮಿಷ ಕೂತಿದ್ದೆ.

ಬಿಸಿಲಿನ ವಿಷಯಕ್ಕೆ, 2023ರಲ್ಲಿ ಸತತ 31 ದಿನ 110 ಡಿಗ್ರಿ ಮುಟ್ಟಿತು, ಅಂದರೆ 43 ಸೆಲ್ಸಿಯಸ್. ಆ ಉದ್ದದ ಗುಡ್ಡದ ಭಾಗದಲ್ಲಿ ಟೈರ್ ಸಿಡಿದರೆ ನೆರಳಿಲ್ಲ. ಡಿಕ್ಕಿಯಲ್ಲಿ ಯಾವಾಗಲೂ ಒಂದು ಗ್ಯಾಲನ್ ನೀರು, ಒಂದು ಕೊಡೆ ಇರಲಿ. ಕಾರಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೋಗ್ತದೆ, ಕಾಯುವುದು ಬೇಡ, ಮೊದಲೇ ಬದಲಿಸಿ.

ಹಳೇ_ಫೀನಿಕ್ಸ್

ಹತ್ತು ವರ್ಷದ ಪ್ರಶ್ನೆಗೆ ಇನ್ನೂ ಯಾರೂ ನೇರ ಉತ್ತರ ಕೊಟ್ಟಿಲ್ಲ. ನಾನು ನಲವತ್ತು ವರ್ಷ ಕಂಡದ್ದರ ಮೇಲೆ ಹೇಳುತ್ತೇನಮ್ಮ: ಅರ್ಧ ಗಂಟೆಯಾಗಿ ಉಳಿಯುವುದಿಲ್ಲ.

101 ತೆರೆದಾಗ ಪ್ರೈಸ್ ರಸ್ತೆಯ ಆಚೆ ಹೊಲಗಳಿದ್ದವು, ಖಾಲಿ ರಸ್ತೆಯಲ್ಲಿ ಹಾಡು ಕೇಳುತ್ತಾ ಹೋಗುತ್ತಿದ್ದೆವು. ರಸ್ತೆ ಬಂದದ್ದಕ್ಕೆ ಕಾರ್ಖಾನೆ ಬಂತು, ಕಾರ್ಖಾನೆಗೆ ಜನ ಬಂದರು, ಜನಕ್ಕೆ ಮನೆ ಬಂತು, ಮನೆಗೆ ರಸ್ತೆ ಸಾಲದಾಯಿತು. ಲೇನ್ ಹೆಚ್ಚಿಸಿದರು. ಅದೂ ತುಂಬಿತು. ಬ್ರಾಡ್‌ವೇ ಕರ್ವ್‌ನಲ್ಲಿ 11 ಮೈಲಿಯನ್ನು 2021ರಿಂದ ಮೂರು ನಾಲ್ಕು ವರ್ಷ ಅಗೆದು ಅಗಲ ಮಾಡಿದ್ದನ್ನು ನೀವೇ ನೋಡಿದ್ದೀರಿ. 202ರ ಪಶ್ಚಿಮದಿಂದ ಬಕೈ ಕಡೆಗೆ ಸ್ಟೇಟ್ ರೂಟ್ 30 ಅಂತ ಇನ್ನೊಂದು ಫ್ರೀವೇ ಯೋಜನೆಯಲ್ಲಿದೆ, ಐ-10ಕ್ಕೆ ಸಮಾನಾಂತರವಾಗಿ. ಅದು ಬಂದ ದಿನ ಆ ಕಡೆಯ ಕಾರುಗಳು ನಿಮ್ಮ ರಸ್ತೆಗೆ ಇಳಿಯುತ್ತವೆ.

ನಿಮ್ಮ ಮನೆಯ ಹಿಂದಿನ ಆ ಕುದುರೆ ಮಸಾಲೆ ಹೊಲ ಇದೆಯಲ್ಲ, ಅದು ಯಾರದ್ದು, ಅಲ್ಲಿ ಏನು ಬರಲು ಅನುಮತಿ ಇದೆ, ನಗರಸಭೆಯ ವಲಯ ನಕ್ಷೆಯಲ್ಲಿ ನೋಡಿ. ಕಿಟಕಿಯಿಂದ ಬೆಟ್ಟ ಕಾಣುವುದು ಅದರ ಮೇಲೆ ನಿಂತಿದೆ.

ಉದ್ಯೋಗದ ದಿಕ್ಕನ್ನೂ ಯೋಚಿಸಿ. ಚಿಪ್ ಕೆಲಸ ಈಗ ಚಾಂಡ್ಲರ್ ಒಂದರಲ್ಲೇ ಇಲ್ಲ. ತೈವಾನಿನ ಟಿಎಸ್‌ಎಮ್‌ಸಿ ಉತ್ತರದಲ್ಲಿ 303 ಮತ್ತು ಐ-17 ಸೇರುವಲ್ಲಿ ಕಟ್ಟುತ್ತಿದೆ. ನಾಳೆ ನಿಮ್ಮ ಯಜಮಾನರು ಅಲ್ಲಿಗೆ ಬದಲಾಯಿಸಿದರೆ ಲವೀನ್ ಚಾಂಡ್ಲರ್‌ಗಿಂತ ಹತ್ತಿರವೇ ಆಗಬಹುದು. ಅದು ಲವೀನ್ ಪರವಾದ ಮಾತು.

ಮರಳ_ಮಲ್ಲಿಗೆ

ನೀರಿನ ಕಾಗದವನ್ನೂ ಕೇಳಿ. 1980ರ ಅಂತರ್ಜಲ ಕಾಯಿದೆಯ ಪ್ರಕಾರ ಈ ಪ್ರದೇಶದ ಹೊಸ ಬಡಾವಣೆಗೆ ನೂರು ವರ್ಷದ ನೀರಿನ ಭರವಸೆ ತೋರಿಸಬೇಕು. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಆ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿತು. ಬಕೈ, ಕ್ವೀನ್ ಕ್ರೀಕ್ ಕಡೆಯ ಅಂಚುಗಳಿಗೆ ಅದು ದೊಡ್ಡ ಪೆಟ್ಟು. ಲವೀನ್‌ನಲ್ಲಿ ಮನೆ ಫೀನಿಕ್ಸ್ ನಗರದ ನೀರಿನ ವ್ಯಾಪ್ತಿಗೆ ಬಂದರೆ ಆ ಚಿಂತೆ ಕಡಿಮೆ. ಆದರೂ ಬಾಯಿಮಾತು ನಂಬಬೇಡಿ, ಕಾಗದ ನೋಡಿ.

ಧಾರವಾಡ_ಪೇಢಾ

ತಂಗೀ, ಒಂದು ದಿನ ಮುಂಜಾನೆ ನಮ್ಮ ಕಡೆ ಬರ್ರಿ. ಪೇಕೋಸ್ ರೋಡ್ ಹೋದದ್ದಕ್ಕ ಬದಲಿ ಅಂತ ಫ್ರೀವೇ ಬಾಜೂಕ ಆರು ಮೈಲಿ ಹಾದಿ ಮಾಡ್ಯಾರ, ನಡಿಯೋರಿಗೆ, ಸೈಕಲ್‌ದವರಿಗೆ. 40ನೇ ಸ್ಟ್ರೀಟಿನ ಪಾರ್ಕ್ ಅಂಡ್ ರೈಡ್‌ದಾಗ ಗಾಡಿ ಬಿಡ್ರಿ. ಅತ್ತಿಯವರನ್ನೂ ಕರಕೊಂಡು ಬರ್ರಿ, ನಮ್ಮ ಮನ್ಯಾಗ ನಾಷ್ಟಾ ಮಾಡೋಣು.

ಹಾಸನದ_ಸೊಸೆ

ಮೂರು ವಾರ ಆಯಿತು, ವರದಿ ಒಪ್ಪಿಸಬೇಕಲ್ಲ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಲವೀನ್‌ನ ಆ ಮನೆ ಮುಂದಿನಿಂದ ಹೊರಟೆವು. ಕಾರ್ಖಾನೆ ಗೇಟಿಗೆ 43 ನಿಮಿಷ. ಕಡಲೂರ ಅಣ್ಣ ಹೇಳಿದ ಸೂರ್ಯ ಸರಿಯಾಗಿ ಅದೇ ಜಾಗದಲ್ಲಿ ಕೂತಿದ್ದ. ಇವರು ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈ ಹಣೆಗೆ ಅಡ್ಡ ಹಿಡಿದುಕೊಂಡು ಓಡಿಸಿದರು, ನನಗೆ ಎದೆ ಡವಡವ. ರಾತ್ರಿ ಹನ್ನೊಂದಕ್ಕೂ ಹೋಗಿ ಹಿತ್ತಲಲ್ಲಿ ನಿಂತೆವು. ಸದ್ದು ನಾವು ಅಂದುಕೊಂಡಷ್ಟಿಲ್ಲ, ದೂರದ ಹೊಳೆಯ ಹಾಗೆ. ನೀರಿನ ಕಾಗದ ಸರಿ ಇದೆ, ಫೀನಿಕ್ಸ್ ನಗರದ್ದೇ ನೀರು. ಹಿಂದಿನ ಹೊಲದಲ್ಲಿ ಮಾತ್ರ ಎರಡಂತಸ್ತಿನ ಮನೆಗಳಿಗೆ ಆಗಲೇ ಅನುಮತಿ ಇದೆ.

ಧಾರವಾಡದ ಅಣ್ಣನ ಮನೆಗೂ ಹೋಗಿದ್ದೆವು. ಅತ್ತಿಗೆ ಮಾಡಿದ ಅವಲಕ್ಕಿ ಸೂಸಲ ತಿಂದು ಆ ಹಾದಿಯಲ್ಲಿ ನಡೆದೆವು. ಎಡಗಡೆ ಗೋಡೆ, ಗೋಡೆಯಾಚೆ ಲಾರಿ. ಅತ್ತೆ ಮೆಲ್ಲಗೆ ಬಂದರು, ಮಾತಾಡಲಿಲ್ಲ. ವಾಪಸ್ ಬರುವಾಗ ಪಶ್ಚಿಮದ ಕಡೆ ಕಾರಿನಲ್ಲಿ ಹೋಗಿ ಏಣು ಕಡಿದ ಜಾಗ ತೋರಿಸಿದೆವು. ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಸೀಳಿದ ಕಲ್ಲು. ಹೊರಗಿನ ಬೆಟ್ಟ ಬಿಸಿಲಿಗೆ ಕಪ್ಪಾಗಿದೆ, ಒಳಗಿನ ಕಲ್ಲು ಇನ್ನೂ ಎಳೇ ಬಣ್ಣ. ಹಾದುಹೋಗಲು ಎಷ್ಟು ಹೊತ್ತು, ಅರೆಗಳಿಗೆ. ಅತ್ತೆ ಕೈ ಮುಗಿದರು.

ಆ ಮನೆ ಬಿಟ್ಟೆವು. ಮಗಳ ಉಬ್ಬಸ ಒಂದು ಕಾರಣ, ಆ ಸೂರ್ಯ ಇನ್ನೊಂದು. ಬಾಡಿಗೆ ಮನೆಯ ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ. ಲವೀನ್‌ನಲ್ಲೇ, ಫ್ರೀವೇಯಿಂದ ಎರಡು ಮೈಲಿ ಆಚೆಗೆ, ಹಳೇ ಮನೆ ಯಾವುದಾದರೂ ಮಾರಾಟಕ್ಕೆ ಬಂದರೆ ಕಡಲೂರ ಅಣ್ಣ ತಿಳಿಸಿ.

ಕಡಲೂರ_ಕಾರು

ನಮ್ಮ ಬೀದಿಯ ಕೊನೆಯಲ್ಲಿ ಒಂದು ಉಂಟು ಅಕ್ಕ, ಮುಂದಿನ ವರ್ಷ ಅವರು ಮಗಳ ಊರಿಗೆ ಹೋಗ್ತಾರಂತೆ. ಹಿತ್ತಲಲ್ಲಿ ದೊಡ್ಡ ಮೆಸ್ಕೀಟ್ ಮರ ಉಂಟು, ನೆರಳಿಗೆ ಒಳ್ಳೆಯದು. ಕೇಳಿ ಹೇಳ್ತೇನೆ.